ಬೂದಿ ಬಣ್ಣದ ಕಲೆ: ಕಾರಣ ಗೊತ್ತಿಲ್ಲದ ಕಾಯಿಲೆಗೆ ಔಷಧಿ ಹುಡುಕಿದ ಕಥೆ

ನಾನು ಸಾಫ್ಟ್‌ವೇರ್ ಎಂಜಿನಿಯರ್, ಡಾಕ್ಟರ್ ಅಲ್ಲ. ಇವತ್ತು ಹೇಳ್ತಿರೋದು ಒಂದು ಕಾಯಿಲೆಯ ಇತಿಹಾಸ.

1957ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಓಸ್ವಾಲ್ಡೋ ರಾಮಿರೆಜ್ ಎಂಬ ವೈದ್ಯರು ಮೈಮೇಲೆ ಬೂದಿ ಬಣ್ಣದ ಕಲೆಗಳಿದ್ದ ರೋಗಿಗಳ ಬಗ್ಗೆ ಬರೆದರು. ಅವರನ್ನು 'ಸೆನಿಸಿಯೆಂತೋಸ್' ಅಂತ ಕರೆದರು, ಅಂದ್ರೆ ಬೂದಿ ಬಣ್ಣದವರು. 1961ರಲ್ಲಿ ವೆನೆಜುವೆಲಾದ ಹಸಿಂತೋ ಕೊನ್ವಿತ್ ಮತ್ತು ಸಂಗಡಿಗರು ಇದಕ್ಕೆ 'ಎರಿಥೀಮಾ ಡಿಸ್ಕ್ರೋಮಿಕಮ್ ಪರ್ಸ್ಟಾನ್ಸ್' ಎಂಬ ಉದ್ದ ಹೆಸರು ಬಳಸಿದರು. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

1974ರಲ್ಲಿ ದೆಹಲಿಯ ಏಮ್ಸ್‌ನ ಎಲ್. ಕೆ. ಭೂತಾನಿ ಮತ್ತು ಜೊತೆಗಾರರು ಭಾರತೀಯ ರೋಗಿಗಳಲ್ಲಿ ಇಂಥದ್ದೇ ಕಲೆಗಳನ್ನು ನೋಡಿ 'ಲೈಕನ್ ಪ್ಲೇನಸ್ ಪಿಗ್ಮೆಂಟೋಸಸ್' ಎಂದು ಹೆಸರಿಟ್ಟರು. ಎರಡೂ ಒಂದೇನಾ, ಬೇರೆ ಬೇರೆನಾ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ.

ಕಾರಣ ಗೊತ್ತಿಲ್ಲದಿದ್ದರೂ ಚರ್ಮದೊಳಗೆ ಏನಾಗುತ್ತೆ ಅನ್ನೋದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತೆ. ರೋಗನಿರೋಧಕ ಕೋಶಗಳು ಮೇಲ್ಚರ್ಮದ ತಳಪದರಕ್ಕೆ ಹಾನಿ ಮಾಡುತ್ತವೆ. ಅಲ್ಲಿದ್ದ ಮೆಲನಿನ್ ಕೆಳಗಿನ ಪದರಕ್ಕೆ ಉದುರಿ, ಅಲ್ಲಿಯ ಕೋಶಗಳ ಹೊಟ್ಟೆ ಸೇರುತ್ತೆ. ಆಳದಲ್ಲಿ ಕೂತ ಕಪ್ಪು ಹೊರಗಿನಿಂದ ಬೂದಿಯಾಗಿ ಕಾಣುತ್ತೆ. ಆದ್ದರಿಂದಲೇ ಬಿಳುಪಿನ ಕ್ರೀಮು ಇದಕ್ಕೆ ಅಷ್ಟಾಗಿ ತಟ್ಟೋದಿಲ್ಲ.

ವೈದ್ಯರು ಬೇರೆ ಕಾಯಿಲೆಗಳ ಔಷಧಿಗಳನ್ನೇ ಪ್ರಯೋಗಿಸಿ ನೋಡಿದರು. ಅದರಲ್ಲಿ ಕ್ಲೋಫಾಜಿಮಿನ್‌ನ ಕಥೆ ವಿಚಿತ್ರ. 1950ರ ದಶಕದಲ್ಲಿ ಡಬ್ಲಿನ್‌ನಲ್ಲಿ ವಿನ್ಸೆಂಟ್ ಬ್ಯಾರಿಯವರ ತಂಡ ಕ್ಷಯಕ್ಕೆಂದು ಇದನ್ನು ತಯಾರಿಸಿತು; ಹೆಸರು ಮಾಡಿದ್ದು ಕುಷ್ಠರೋಗದಲ್ಲಿ. 1980ರ ದಶಕದಲ್ಲಿ ಬೂದಿ ಕಲೆಗೂ ಕೊಟ್ಟರು, ಕೆಲವರಿಗೆ ಗುಣ ಕಂಡಿತು. ಆದರೆ ಈ ಔಷಧಿಯೇ ಒಂದು ಕೆಂಪು ಬಣ್ಣ, ತಿಂದವರ ಮೈಗೂ ಹತ್ತುತ್ತೆ! ಹಾಗಾದ್ರೆ ಉರಿಯೂತ ಇಳಿದು ಕಲೆ ಮಾಸಿತೋ, ಇಲ್ಲಾ ಸುತ್ತಲಿನ ಬಣ್ಣ ಬದಲಾಗಿ ಕಲೆ ಮರೆಯಾಯ್ತೋ? ಎರಡೂ ಇರಬಹುದು. ನಮ್ಮ ಭಾಷೇಲಿ ಹೇಳೋದಾದ್ರೆ, ಬಗ್ ಹೋಯ್ತಾ, ಸ್ಕ್ರೀನ್ ಮಾತ್ರ ಬದಲಾಯ್ತಾ? ಮಕ್ಕಳಲ್ಲಿ ಎಷ್ಟೋ ಸಲ ಕಲೆ ತಾನಾಗಿಯೇ ಮಾಸುತ್ತೆ. ಹಾಗಾಗಿ ಔಷಧಿಯ ಲೆಕ್ಕ ಇನ್ನೂ ಕಷ್ಟ.

ಇದು ಅಂಟುರೋಗ ಅಲ್ಲ. ಆದರೂ ಕಲೆ ಮುಖದ ಮೇಲಿದ್ದರೆ ಮದುವೆ ಮಾತುಕತೆಯಲ್ಲಿ ಮೊದಲ ಪ್ರಶ್ನೆ ಅದೇ. ಆ ಆತುರದಲ್ಲಿ ಜನ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಬೆರೆತ ಕ್ರೀಮು ತಂದು ತಿಂಗಳುಗಟ್ಟಲೆ ಹಚ್ಚಿಕೊಳ್ತಾರೆ. ಚರ್ಮ ತೆಳುವಾಗುತ್ತೆ, ಕಲೆ ಅಲ್ಲೇ ಇರುತ್ತೆ. ಚರ್ಮವೈದ್ಯರ ಹತ್ತಿರ ಹೋದಾಗ "ಕಲೆ ಯಾವಾಗ ಹೋಗುತ್ತೆ?" ಅನ್ನೋದಕ್ಕಿಂತ ಮೊದಲು "ಇನ್ನೂ ಹರಡ್ತಿದೆಯಾ?" ಅಂತ ಕೇಳಿ. ಹರಡೋದು ನಿಂತರೆ ಅದೇ ಮೊದಲ ಗೆಲುವು.