ಬೆಂಗಳೂರಿನ ನೀಲದ್ರಾಕ್ಷೆಯೂ ಅದರ ಬ್ರಾಂದಿಯೂ

ದ್ರಾಕ್ಷಾರಸದಿಂದಾದ ಮದ್ಯಕ್ಕೆ ‘ಮಧು’ವೆಂಬ ಹೆಸರನ್ನು ಹೇಳಿದ ಕೌಟಿಲ್ಯನು, ಅದರ ಭೇದಗಳನ್ನು ತಿಳಿಸುವಾಗ ಕಾಪಿಶಾಯನ, ಹಾರಹೂರಕ ಎಂದು ದೇಶಗಳ ಹೆಸರುಗಳನ್ನೇ ಕೊಟ್ಟು ಸುಮ್ಮನಾಗಿದ್ದಾನೆ. ಕಾಪಿಶೀ ನಗರದಿಂದ ಕಾಪಿಶಾಯನಶಬ್ದವು ಸಿದ್ಧಿಸುವ ಬಗೆಗೆ ಪಾಣಿನಿಯು ಒಂದು ಸೂತ್ರವನ್ನೇ ರಚಿಸಿರುವನು. ಬಳ್ಳಿ ಬೆಳೆದ ನೆಲವೇ ಮದ್ಯದ ಹೆಸರಾಗುವ ಈ ಪ್ರಾಚೀನಕ್ರಮವು ಬೆಂಗಳೂರಿನ ಪಶ್ಚಿಮಭಾಗದಲ್ಲಿ ಪುನಃ ಕಾಣಿಸಿಕೊಂಡಿತು.

‘ಬೆಂಗಳೂರು ಬ್ಲೂ’ ಎಂದು ಪ್ರಸಿದ್ಧವಾದ ದ್ರಾಕ್ಷೆಯು ಮೂಲತಃ ಈ ನೆಲದ್ದಲ್ಲ. ಅಮೆರಿಕಾ ಖಂಡದ ಲಾಬ್ರುಸ್ಕ ಜಾತಿಗೆ ಸೇರಿದ ಇಸಬೆಲ್ಲಾ ಎಂಬ ತಳಿಯೇ ಇದೆಂಬುದು ತಜ್ಞರ ಮತ. ಸಿಪ್ಪೆ ದಪ್ಪ, ಒಳಗೆ ಬೀಜ, ರುಚಿಯಲ್ಲಿ ಹುಳಿ ಮುಂದು. ಪರಿಮಳವಂತೂ ಬುಟ್ಟಿಯನ್ನು ಕಾಣುವ ಮೊದಲೇ ಮೂಗಿಗೆ ತಿಳಿಯುವುದು. ಫ್ರಾನ್ಸಿನವರು 1934ರಲ್ಲಿ ಶಾಸನಮಾಡಿ ಇಸಬೆಲ್ಲಾ ಮೊದಲಾದ ಆರು ತಳಿಗಳ ಮದ್ಯದ ಮಾರಾಟವನ್ನು ನಿಷೇಧಿಸಿದರು. ಅಲ್ಲಿ ಬಹಿಷ್ಕೃತವಾದುದು ಇಲ್ಲಿ ಮನೆಮಗಳಾಯಿತು. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸೀಮೆಗಳ ಹಿತವಾದ ಹವೆಯಲ್ಲಿ ಈ ಬಳ್ಳಿಯು ವರ್ಷಕ್ಕೆ ಎರಡು ಫಸಲು ಕೊಡುವುದು. ಇಂತಹ ಔದಾರ್ಯವು ಶೀತದೇಶಗಳ ಬಳ್ಳಿಗೆ ಸಾಧ್ಯವಿಲ್ಲ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ಇನ್ನು ಭಟ್ಟಿಯ ಮಾತು. ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಬೆಂಗಳೂರಿನಲ್ಲಿ ಅಮೃತ್ ಸಂಸ್ಥೆಯನ್ನು ಸ್ಥಾಪಿಸಿದರು. ಆರಂಭದ ಸರಕುಗಳಲ್ಲಿ ಸಿಲ್ವರ್ ಕಪ್ ಎಂಬ ಬ್ರಾಂದಿಯೂ ಒಂದು. ಈ ಸಂಸ್ಥೆಯ ವಿಳಾಸವು ರಾಜಾಜಿನಗರದಲ್ಲಿ ನೆಲೆಗೊಂಡುದು ವಿಧಿಯ ವಿನೋದವೇ ಸರಿ! 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದ ರಾಜಗೋಪಾಲಾಚಾರ್ಯರೇ 1949ರಲ್ಲಿ ಆ ಬಡಾವಣೆಗೆ ಅಸ್ತಿಭಾರವನ್ನು ಹಾಕಿದವರು. 1987ರಲ್ಲಿ ಭಟ್ಟಿಯು ಕೆಂಗೇರಿಯಾಚೆ, ಮೈಸೂರು ರಸ್ತೆಯ ಕಡೆಯ ಕಂಬೀಪುರಕ್ಕೆ ಸಾಗಿತು.

ಈ ದೇಶದಲ್ಲಿ ಬ್ರಾಂದಿಯೆಂದು ಮಾರುವ ಬಹುಪಾಲು ಸರಕು ಕಾಕಂಬಿಯ ಮದ್ಯಸಾರಕ್ಕೆ ಬಣ್ಣರುಚಿಗಳನ್ನು ಕಟ್ಟಿದುದಷ್ಟೆ. ದ್ರಾಕ್ಷೆಯ ಗಂಧವನ್ನೇ ಕಾಣದ ಅದನ್ನು ಆ ಹೆಸರಿನಿಂದ ಕರೆಯುವುದು ಶಬ್ದಕ್ಕೆ ಮಾಡುವ ಅಪಚಾರ. ಅಮೃತ್ ಸಂಸ್ಥೆಯವರಾದರೋ ನೀಲದ್ರಾಕ್ಷೆಯಿಂದಲೇ ಬ್ರಾಂದಿಯನ್ನು ಇಳಿಸಿ ಮರದ ಪೀಪಾಯಿಗಳಲ್ಲಿ ಇರಿಸಿದರು. ಬರಿದಾದ ಆ ಪೀಪಾಯಿಗಳು ವ್ಯರ್ಥವಾಗಲಿಲ್ಲ. 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಾರ್ಲಿಯ ವಿಸ್ಕಿಯನ್ನು ಬಿಡುಗಡೆಮಾಡಿ ಸ್ಕಾಟರನ್ನೇ ಬೆರಗಾಗಿಸಿದ ಈ ಸಂಸ್ಥೆಯು, ಅನಂತರ ‘ಕದಂಬಂ’ ಎಂಬ ಮತ್ತೊಂದು ವಿಸ್ಕಿಯನ್ನು ಷೆರಿ, ರಮ್ಮು, ನೀಲದ್ರಾಕ್ಷೆಯ ಬ್ರಾಂದಿ ಈ ಮೂರರ ಪೀಪಾಯಿಗಳಲ್ಲಿ ಪಕ್ವಗೊಳಿಸಿತು. ಮರವು ಹೀರಿದ ಹಣ್ಣಿನ ಸಾರವು ಹೀಗೆ ಧಾನ್ಯದ ಮದ್ಯಕ್ಕೆ ಇಳಿಯಿತು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾದರೆ, ಬೆಂಗಳೂರಿನ ಬಿಸಿಲಿಗೆ ಶೇಕಡಾ 10ಕ್ಕೂ ಮಿಕ್ಕಿ ಹೋಗುವುದು; ಪಾಕವಾದರೋ ಅಷ್ಟೇ ಶೀಘ್ರ. ಕದಂಬವೆಂದರೆ ಸಮೂಹ, ಬನವಾಸಿಯ ಅರಸರಿಗೂ ಇದಕ್ಕೂ ಸಂಬಂಧವಿಲ್ಲ. ಸಂಸ್ಕೃತದಲ್ಲಿ ಕಾದಂಬರಿಯೆಂಬ ಮಾತಿಗೂ ಮದ್ಯವೆಂಬ ಅರ್ಥವುಂಟು. ಕನ್ನಡ ವಾಚಕರಿಗೆ ಅದರ ಅಮಲು ಪುಸ್ತಕದಿಂದ ಮಾತ್ರ.

ಹೆಸರು ಹೀಗೆ ಸಮುದ್ರ ದಾಟಿತು. ನೆಲದ ಸ್ಥಿತಿ ಬೇರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಂದಿನಿಂದ ಆ ದಿಕ್ಕಿನ ದ್ರಾಕ್ಷೆಯ ಭೂಮಿಗೆ ಹಣ್ಣಿನ ಬೆಲೆಯಲ್ಲ, ನಿವೇಶನದ ಬೆಲೆ ಬಂದಿದೆ. ಚಪ್ಪರ ಹೊತ್ತಿದ್ದ ಕಲ್ಲುಕಂಬಗಳನ್ನು ಕಿತ್ತು ಬಡಾವಣೆಯ ಗಡಿಕಲ್ಲು ನೆಟ್ಟಮೇಲೆ ಅಲ್ಲಿ ಮತ್ತೆ ಬಳ್ಳಿ ಹಬ್ಬುವುದಿಲ್ಲ.