ಘಟ್ಟದ ಕೆಳಗಿನ ಕಾವಿ

ತಾಳವಾಡಿಯ ಕನ್ನಡಿಗರು ದಿಂಬಂ ಘಟ್ಟ ಇಳಿದರೆ ಸಿಗುವ ಊರು ಸತ್ಯಮಂಗಲ. 17ನೇ ಶತಮಾನದಲ್ಲಿ ಜೆಸ್ವಿಟ್ ಪಾದ್ರಿಗಳು ಅಲ್ಲಿ ನೆಲೆಯೂರಿದ್ದರು.

ಅವರ ವ್ರತಗಳ ಬೇರು ಈಜಿಪ್ಟಿನ ಮರುಭೂಮಿಯಲ್ಲಿದೆ. 3ನೇ ಶತಮಾನದ ಕೊನೆಯಲ್ಲಿ ಆಂತೋನಿ ಆಸ್ತಿ ಹಂಚಿ ಅಲ್ಲಿ ಒಂಟಿಯಾಗಿ ತಪಸ್ಸಿಗೆ ಕುಳಿತ. ಪಕೋಮಿಯಸ್ ಕೂಡಿ ಬಾಳುವ ಮಠ ಕಟ್ಟಿದ. 6ನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ಪ್ರಾರ್ಥನೆಗೂ ದುಡಿಮೆಗೂ ವೇಳೆ ಗೊತ್ತುಮಾಡಿ 73 ಅಧ್ಯಾಯಗಳ ನಿಯಮ ಬರೆದ. ಜೆಸ್ವಿಟ್ಟರು ಮಠದೊಳಗೆ ಕೂರುವವರಲ್ಲ, ಊರೂರು ಸುತ್ತುವವರು. ಆದರೂ ಬಡತನ, ಬ್ರಹ್ಮಚರ್ಯ, ವಿಧೇಯತೆ ಅವರಿಗೆ ಬಂದದ್ದು ಆ ಪರಂಪರೆಯಿಂದಲೇ.

ಮಧುರೆಯಲ್ಲಿ ಜೆಸ್ವಿಟ್ ಸಂಘದ ರಾಬರ್ಟ್ ದಿ ನೊಬಿಲಿ ಕಾವಿಯುಟ್ಟು, ಮಾಂಸ ಬಿಟ್ಟು ಸಂನ್ಯಾಸಿಯಂತೆ ಬದುಕಿದ. ಅದೇ ಸಂಘದ ಲಿಯೊನಾರ್ಡೊ ಚಿನ್ನಮಿ 1640ರ ದಶಕದ ಕೊನೆಗೆ ಮೈಸೂರು ಸೀಮೆಗೆ ಬಂದ. ಕನ್ನಡ ಕಲಿತ, ಧರ್ಮೋಪದೇಶದ ಪುಸ್ತಕವನ್ನೂ ವ್ಯಾಕರಣವನ್ನೂ ಬರೆದ. ಕಿಟೆಲ್ಲರ ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕೆ ಎರಡು ಶತಮಾನ ಮೊದಲೇ ದುಡಿದ ಈತನನ್ನು ನಾವು ಇಷ್ಟು ಮರೆತಿರುವುದು ನ್ಯಾಯವಲ್ಲ.

ಬೆನೆಡಿಕ್ಟನ ನಿಯಮದ ಮಠ ಕನ್ನಡನಾಡಿಗೆ ಬಂದದ್ದು ಬಹಳ ತಡವಾಗಿ, 1950ರ ದಶಕದಲ್ಲಿ. ಬೆಂಗಳೂರಿನ ಕೆಂಗೇರಿ ಬಳಿಯ ಆಶೀರ್ವನಂ ಇಂದಿಗೂ ಆ ನಿಯಮದಂತೆಯೇ ನಡೆಯುತ್ತಿದೆ.