ಅನುಕರಣೆಯ ಹಿಂದಿನ ಅರಿವು: ಕಲ್ಲು-ಮರಗಳನ್ನು ಹೋಲಿಸುವ ಬಣ್ಣಗಾರಿಕೆ

ಒಂದು ವಸ್ತುವನ್ನು ಮತ್ತೊಂದರಂತೆ ಕಾಣಿಸುವ ಅಲಂಕಾರಿಕ ಬಣ್ಣಗಾರಿಕೆಗೆ ದೀರ್ಘವಾದ ಪರಂಪರೆಯಿದೆ. ಗೋಡೆಗಳ ಅಲಂಕಾರವನ್ನು ಆರಂಭಿಸಿದ ಪೂರ್ವಿಕರು ಮೊದಲು ಅನುಕರಿಸಿದ್ದು ಅಮೃತಶಿಲೆಯ ಹಲಗೆಗಳ ವೈವಿಧ್ಯ ಹಾಗೂ ಜೋಡಣೆಯನ್ನು ಎಂದು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ದಾಖಲಿಸಿದ್ದಾನೆ. ಜರ್ಮನ್ ವಿದ್ವಾಂಸ ಔಗುಸ್ಟ್ ಮೌ 1882ರಲ್ಲಿ ಪಾಂಪೇ ನಗರದ ಭಿತ್ತಿಚಿತ್ರಗಳನ್ನು ನಾಲ್ಕು ಶೈಲಿಗಳಾಗಿ ವಿಂಗಡಿಸಿದಾಗ, ಗಾರೆಯನ್ನು ಕಲ್ಲಿನಂತೆ ತೋರಿಸುವ ಈ ಕ್ರಮವೇ ಮೊದಲನೆಯ ಶೈಲಿಯೆನಿಸಿತು.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಕಸುಬು ಸಾಮಾನ್ಯ ಮನೆಗಳ ಬಾಗಿಲವರೆಗೂ ಇಳಿದು ಬಂದಿತು. ಓಕ್ ಮತ್ತು ಮಹಾಗನಿ ದುಬಾರಿ, ಪೈನ್ ಅಗ್ಗ. ಹೀಗಾಗಿ ಪೈನ್ ಬಾಗಿಲಿಗೆ ಓಕ್‌ನ ರೂಪ ನೀಡುವ ಹೊಣೆ ಬಣ್ಣಗಾರನದಾಯಿತು. ಮೊದಲು ತಿಳಿಬಣ್ಣದ ಲೇಪವನ್ನು ಹಚ್ಚಿ ಒಣಗಿಸಬೇಕು. ಅದರ ಮೇಲೆ ಗಾಢವರ್ಣದ ತೆಳುಲೇಪವನ್ನೆಳೆದು, ಅದು ಹಸಿಯಾಗಿರುವಾಗಲೇ ಉಕ್ಕಿನ ಅಥವಾ ತೊಗಲಿನ ಬಾಚಣಿಗೆಯಿಂದ ಎಳೆಗಳನ್ನು ಮೂಡಿಸಬೇಕು. ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಅಲ್ಲಲ್ಲಿ ಒರೆಸಿದರೆ ಓಕ್‌ಗೆ ವಿಶಿಷ್ಟವಾದ ಬೆಳ್ಳನೆಯ ಹೊಳಪುಗೆರೆಗಳು ತೆರೆದುಕೊಳ್ಳುತ್ತವೆ. ಕೊನೆಯದು ವಾರ್ನಿಷ್. ಮಹಾಗನಿಗೆ ಬಣ್ಣವನ್ನು ಹಳಸಿದ ಬಿಯರಿನಲ್ಲಿ ಕಲಸುತ್ತಿದ್ದರು. ಅಮೃತಶಿಲೆಯ ನರಗಳನ್ನು ಹಕ್ಕಿಯ ಗರಿಯಿಂದ ಎಳೆಯುತ್ತಿದ್ದರು.

ಈ ಕಲೆಯ ಬಗೆಗಿನ ನಿಲುವುಗಳು ಪರಸ್ಪರ ವಿರುದ್ಧವಾಗಿದ್ದವು. ಜಾನ್ ರಸ್ಕಿನ್ 1849ರ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ ಕೃತಿಯಲ್ಲಿ, ಮರಕ್ಕೆ ಅಮೃತಶಿಲೆಯ ರೂಪ ಕೊಡುವುದನ್ನು ವಾಸ್ತುಕಲೆಯ ವಂಚನೆಗಳಲ್ಲಿ ಒಂದೆಂದು ಎಣಿಸಿದನು. ಎರಡೇ ವರ್ಷಗಳ ಬಳಿಕ, 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ, ಥಾಮಸ್ ಕರ್ಶಾ (1819-1898) ಎಂಬ ಬಣ್ಣಗಾರನಿಗೆ ಇಂತಹ ಕೆಲಸಕ್ಕಾಗಿಯೇ ಪದಕ ದೊರೆಯಿತು.

ರಸ್ಕಿನ್‌ನ ಆಕ್ಷೇಪ ನೋಡುವವನ ಕಡೆಯಿಂದ ಹುಟ್ಟಿದ್ದು. ಮಾಡುವವನ ಕಡೆಯಿಂದ ನೋಡಿದರೆ ಇಲ್ಲಿ ಕಾಣುವುದು ವಂಚನೆಗಿಂತ ಹೆಚ್ಚಾಗಿ ಅರಿವು. ಓಕ್ ದಿಮ್ಮಿಯನ್ನು ತಿರುಳಿನಿಂದ ಹೊರಕ್ಕೆ ಸೀಳಿದಾಗ ಮಾತ್ರ ಆ ಹೊಳಪುಗೆರೆಗಳು ಎದ್ದು ಕಾಣುತ್ತವೆ. ಇದನ್ನು ತಿಳಿಯದ ಬಣ್ಣಗಾರನ ಕೈಯಲ್ಲಿ ಓಕ್ ಮೂಡಲಾರದು. ಬಣ್ಣದ ಪಾಕವನ್ನು ಕೈಪಿಡಿ ಹೇಳಬಲ್ಲದು. ಬೆರಳಿನ ಒತ್ತಡವನ್ನೂ ಲೇಪ ಒಣಗುವ ಮುನ್ನ ಕೈ ಓಡಬೇಕಾದ ವೇಗವನ್ನೂ ಕಲಿಸುವುದು ಗುರುವಿನ ಪಕ್ಕದ ದುಡಿಮೆಯೇ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಹಳೆಯ ಬಾಗಿಲುಗಳ ಬಣ್ಣವನ್ನು ಕಿತ್ತು ಪೈನ್ ಮರವನ್ನು ಬರಿದಾಗಿ ತೋರಿಸುವ ರೂಢಿ ಬೆಳೆಯಿತು. ಆದರೆ ಅಂತಹ ಬಾಗಿಲುಗಳನ್ನು ಮಾಡಿದವರು ಅವು ಬರಿದಾಗಿರಲೆಂದು ಬಯಸಿರಲಿಲ್ಲ. ನಿಜವಾದ ಮರವನ್ನು ಕಾಣುವ ಹಂಬಲದಲ್ಲಿ ಅಳಿದುಹೋದದ್ದು ಹೆಸರಿಲ್ಲದ ಬಣ್ಣಗಾರರ ನಿಜವಾದ ಚರಿತ್ರೆ. ಕಸುಬುಗಳ ಅಧ್ಯಯನವು ವಸ್ತುವಿನ ಸಾಚಾತನದಷ್ಟೇ ಕೈಯ ಸಾಚಾತನವನ್ನೂ ಪರಿಗಣಿಸಬೇಕಾಗುತ್ತದೆ.